ಬರುತ್ತೆ ಅಂತ ಕಾದ ರೈಲು: ಕಾರವಾರದ ಕಡಲತೀರದಲ್ಲಿ ನಾಲ್ಕು ಕಾಲ

ಪುಣೆಯಲ್ಲಿರೋ ನಮ್ಮವರಿಗೆ ಮೊದಲು ಒಂದು ಪ್ರಶ್ನೆ. ಮೂರು ದಿನ ರಜೆ ಸಿಕ್ಕರೆ ಕಡಲು ನೋಡೋಕೆ ಎಲ್ಲಿಗೆ ಹೋಗ್ತೀರಿ? ಅಲಿಬಾಗ್, ದಿವೇಆಗರ್, ಗಣಪತಿಪುಳೆ. ಇನ್ನೊಂದು ದಿನ ರಜೆ ಸೇರಿದರೆ ಗೋವಾ. ಗೋವಾ ಬೇಜಾರಾದವರು ಗೋಕರ್ಣ. ಗೋವಾದಿಂದ ಗೋಕರ್ಣಕ್ಕೆ ಹೋಗುವಾಗ ನಡುವೆ ಒಂದು ಊರು ಬರುತ್ತೆ, ಬಲಗಡೆ ಉದ್ದಕ್ಕೂ ಮರಳು ಕಾಣುತ್ತೆ, ಹಿಂದಿನ ಸೀಟಿನಲ್ಲಿ ಯಾರೋ "ಏ, ಬೀಚು!" ಅಂತಾರೆ, ಅಷ್ಟರಲ್ಲಿ ಮೇಲ್ಸೇತುವೆ ಮುಗಿದು ಊರೇ ಹಿಂದೆ ಹೋಗಿರುತ್ತೆ. ಅದು ಕಾರವಾರ. ಒಂದು ಇಡೀ ಜಿಲ್ಲೆಯ ಕೇಂದ್ರ, ಆದರೂ ನಮ್ಮ ಪ್ರವಾಸದ ಪಟ್ಟಿಯಲ್ಲಿ ಇಲ್ಲ.

ನಾನು ಅಲ್ಲಿ ಮೂರು ವರ್ಷ ಬೆಳೆದವನು. ನಮ್ಮದು ಅಣ್ಣಿಗೇರಿ ಕಡೆ, ಎರೆಮಣ್ಣು, ಹತ್ತಿ. ಅಪ್ಪ ಸರಕಾರಿ ಗುಮಾಸ್ತ. 1994ರಲ್ಲಿ ಕಾರವಾರಕ್ಕೆ ವರ್ಗ ಆಯ್ತು, 1997ರಲ್ಲಿ ವಾಪಸ್ ಬಂದ್ವಿ. ಆಮೇಲೆ ಎಂ.ಟೆಕ್., ಪುಣೆ, ವಾಕಡ್‌ನಲ್ಲಿ ಫ್ಲ್ಯಾಟು, ಹಿಂಜವಡಿ ಟ್ರಾಫಿಕ್ಕು, ಎಲ್ಲಾ ನಿಮಗೆ ಗೊತ್ತಿರೋದೇ. 2023ರ ಕೊನೆಗೆ ಒಬ್ಬ ಏಜೆಂಟರಿಂದ ವಾಟ್ಸಾಪ್ ಬಂತು: ಕಾರವಾರದ ಹತ್ತಿರ ಎನ್‌ಎ ಆದ ಸೈಟು, ಕಡಲಿಗೆ ಹತ್ತು ನಿಮಿಷ. ಬಂದರು ದೊಡ್ಡದಾಗ್ತಿದೆ, ಹುಬ್ಬಳ್ಳಿಯಿಂದ ರೈಲು ಬರ್ತಿದೆ, ಅಂಕೋಲಾದ ಅಲಗೇರಿಗೆ ವಿಮಾನ ನಿಲ್ದಾಣ ಬರ್ತಿದೆ, ಈಗ ತಗೊಂಡರೆ ಐದು ವರ್ಷಕ್ಕೆ ಮೂರು ಪಟ್ಟು. ಟೋಕನ್ ಕೊಡೋಕೆ ನಾನು ತಯಾರಾಗಿಬಿಟ್ಟಿದ್ದೆ, ನಿಜ ಹೇಳ್ತೀನಿ. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಎಂಟನೇ ಮಹಡಿಯಲ್ಲಿ ಅವರ ದಿನ ಕಳೆಯೋದು ಹೇಗೆ ಅನ್ನೋದು ನನಗೆ ದೊಡ್ಡ ಚಿಂತೆ. ಅವರಿಗೆ ಇಷ್ಟವಾದ ಊರಲ್ಲಿ ಒಂದು ಸಣ್ಣ ಮನೆ ಅಂತ ಲೆಕ್ಕ ಹಾಕಿದ್ದೆ.

ಅಪ್ಪ ಮೆಸೇಜ್ ಓದಿ ಫೋನು ವಾಪಸ್ ಕೊಟ್ಟರು. "ಮಳಿಗಾಲದಾಗ ನೋಡದ ಜಾಗಾ ತಗೋಬ್ಯಾಡ. ನಾಕೂ ಕಾಲ ನೋಡು, ಆಮ್ಯಾಲ ರೊಕ್ಕದ ಮಾತು" ಅಂದರು. ಹಾಗಾಗಿ 2024ರಲ್ಲಿ ನಾಲ್ಕು ಸಲ ಹೋದ್ವಿ. ವಾಕಡ್‌ನಿಂದ ಐದುನೂರು ಕಿಲೋಮೀಟರ್ ಮೇಲೆ ಆಗುತ್ತೆ.

ಮೊದಲ ಸಲ ಜನವರಿ, ಗಣರಾಜ್ಯೋತ್ಸವದ ರಜೆ. ಆ ಹೊತ್ತಿಗೆ ಪುಷ್ಯ ಹುಣ್ಣಿಮೆ, ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ. ಭಕ್ತರು ದೋಣಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಸಂಜೆ ನಾವು ತೀರದಲ್ಲಿ ನಿಂತಾಗ ಬಾವುಟ ಕಟ್ಟಿದ ದೋಣಿಗಳು ಇನ್ನೂ ವಾಪಸ್ ಬರ್ತಿದ್ವು. ಬೀಚಿನ ಆಕಾರ ಅರ್ಧಚಂದ್ರ. ಉತ್ತರ ತುದಿಗೆ ಕಾಳಿ ನದಿ ಕಡಲು ಸೇರುತ್ತೆ, ಅದರಾಚೆ ಗುಡ್ಡದ ಮೇಲೆ ಸದಾಶಿವಗಡ. ದಕ್ಷಿಣ ತುದಿಗೆ ಬೈತಖೋಲ್ ಬಂದರು, ಅದನ್ನ ಕಾಯೋ ಹಾಗೆ ಕಡಲಿಗೆ ಚಾಚಿದ ಭೂಶಿರ. ಎದುರಿಗೆ ದೇವಗಡ ದ್ವೀಪ, ಅದರ ಮೇಲೆ ಹಳೆಯ ದೀಪಸ್ತಂಭ. ಅಲೆ ಸಣ್ಣದು, ಮರಳು ಗಟ್ಟಿ, ಜನ ಕಡಿಮೆ. ಅದೇ ರಜೆಯಲ್ಲಿ ಒಂದು ಗಂಟೆ ದೂರದ ಪಾಲೊಳೆಂನಲ್ಲಿ ಕಾರು ನಿಲ್ಲಿಸೋಕೆ ಜಾಗ ಸಿಕ್ಕಿರಲಿಲ್ಲ.

ಈ ಬೀಚಿಗೆ ರವೀಂದ್ರನಾಥ ಟ್ಯಾಗೋರ್ ಹೆಸರಿದೆ. ಕಾರಣ ಬಹಳ ಜನಕ್ಕೆ ಗೊತ್ತು: 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಇಪ್ಪತ್ತು ದಾಟಿದ ತಮ್ಮ ಬಂದು ಉಳಿದಿದ್ದ. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿದ್ದು, ಗಾಳಿಮರಗಳ ತೋಪು, ಮರಳ ಮೇಲೆ ನಡೆದು ವಾಪಸ್ ಬಂದಿದ್ದು, ಎಲ್ಲವನ್ನೂ ಆತ್ಮಕಥೆಯಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದೂ ಇಲ್ಲೇ. ನನಗೆ ಕುತೂಹಲ ಹುಟ್ಟಿದ್ದು ತಮ್ಮನ ಬಗ್ಗೆ ಅಲ್ಲ, ಅಣ್ಣನ ಬಗ್ಗೆ. ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ ಅವರು. ಇಂಥ ಸಣ್ಣ ಊರಲ್ಲಿ ಜಿಲ್ಲಾ ಕೋರ್ಟು, ಕಲೆಕ್ಟರ್ ಕಚೇರಿ ಎಲ್ಲಾ ಬಂದಿದ್ದು ಯಾಕೆ? 1862ಕ್ಕೆ ಮುಂಚೆ ಈಗಿನ ಕಾರವಾರ ಒಂದು ಮೀನುಗಾರರ ಹಳ್ಳಿ.

ಉತ್ತರ ಹುಡುಕ್ತಾ ನಾನು ಬಂದು ನಿಂತಿದ್ದು ಪುಣೆಯಲ್ಲೇ, ನಾನು ದಿನಾ ಬಸ್ಸಿನಲ್ಲಿ ದಾಟೋ ಜಾಗದಲ್ಲಿ. ಗಣೇಶಖಿಂಡ್ ರಸ್ತೆ, ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ, ಎತ್ತರದ ಗೋಪುರ ಇದೆಯಲ್ಲ ಅದು. 1864ರಲ್ಲಿ ಕಟ್ಟೋಕೆ ಶುರುಮಾಡಿ 1871ರಲ್ಲಿ ಮುಗಿಸಿದ ಗವರ್ನರ್ ಬಂಗಲೆ ಅದು. ಮುಂಬಯಿ ಪ್ರಾಂತ್ಯದ ಸರಕಾರ ಮಳೆಗಾಲ ಬಂದರೆ ಪುಣೆಗೆ ಬಂದು ಕೂರ್ತಿತ್ತು. ಕಟ್ಟಿಸಿದವರು ಬಾರ್ಟಲ್ ಫ್ರಿಯರ್, 1862ರಿಂದ 1867ರವರೆಗೆ ಗವರ್ನರ್. ಅಷ್ಟು ಖರ್ಚು ಯಾಕೆ ಮಾಡಿದ್ರಿ ಅಂತ ಲಂಡನ್‌ನಿಂದ ಬೈಸಿಕೊಂಡರು. ಆದರೆ ಆ ವರ್ಷಗಳಲ್ಲಿ ಮುಂಬಯಿಯಲ್ಲಿ ದುಡ್ಡಿಗೆ ಬರ ಇರಲಿಲ್ಲ. ಹತ್ತಿಯ ದುಡ್ಡು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿನ ದಕ್ಷಿಣದ ರಾಜ್ಯಗಳ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಕಚ್ಚಾಮಾಲು ಇಲ್ಲ. ಎಲ್ಲರ ಕಣ್ಣು ಹಿಂದೂಸ್ತಾನದ ಹತ್ತಿ ಮೇಲೆ, ಅದರಲ್ಲೂ ಧಾರವಾಡ ಜಿಲ್ಲೆಯ ಮೇಲೆ, ಯಾಕೆಂದರೆ ಅಲ್ಲಿ ಅಮೆರಿಕದ ತಳಿ ಮೊದಲೇ ಬೇರೂರಿತ್ತು. ಬೆಳೆ ಇದೆ, ಕೊಳ್ಳೋರು ಇದ್ದಾರೆ, ನಡುವೆ ಸಹ್ಯಾದ್ರಿ. ನಮ್ಮ ಕಡೆ ಹತ್ತಿ ಎತ್ತಿನ ಹೇರು, ಚಕ್ಕಡಿ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಹೋಗ್ತಿತ್ತು, ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ. ಎಷ್ಟರಮಟ್ಟಿಗೆ ಅಂದರೆ ನಮ್ಮ ಎರೆಹೊಲದ ನಾಡತಳಿಗೆ ವಿಲಾಯತಿ ಪೇಟೆಯಲ್ಲಿ ಹೆಸರೇ 'ಕುಮ್ಟಾ' ಹತ್ತಿ. ಕುಮಟಾದಲ್ಲಿ ಒಂದು ಹತ್ತಿ ಗಿಡ ಹುಡುಕಿ ನೋಡಿ! ಬೆಳೆದವರ ಹೆಸರು ಹೋಗಿ ಹಡಗು ಹತ್ತಿಸಿದವರ ಹೆಸರು ಉಳಿಯಿತು. ಸರ್ವಿಸ್ ಕಂಪನಿಯಲ್ಲಿ ಕೋಡ್ ಬರೆಯೋ ನಮಗೆ ಇದು ಹೊಸದೇನಲ್ಲ.

ಕುಮಟಾದ ಕಷ್ಟ ಅಂದರೆ ಅದು ತೆರೆದ ತೀರ. ಮಳೆಗಾಲದಲ್ಲಿ ಹಡಗು ನಿಲ್ಲೋಕೆ ಆಗಲ್ಲ. ದಾರಿಯಲ್ಲೇ ಮಳೆ ಹಿಡಿದರೆ ಹತ್ತಿ ನೆನೆದು ಹಾಳು. ಕಾರವಾರದ ಕೊಲ್ಲಿಗೆ ಭೂಶಿರದ ಆಸರೆ ಇದೆ, ದ್ವೀಪಗಳ ಅಡ್ಡ ಇದೆ. ಮುಂಬಯಿಗೂ ಕೊಚ್ಚಿಗೂ ನಡುವೆ ವರ್ಷದ ಎಲ್ಲಾ ಋತುಗಳಲ್ಲೂ ಸುರಕ್ಷಿತವಾದ ಬಂದರು ಇದೊಂದೇ ಅಂತ ಇಂಪೀರಿಯಲ್ ಗೆಜೆಟಿಯರ್ ಕೂಡ ಹೇಳುತ್ತೆ. ಮ್ಯಾಂಚೆಸ್ಟರ್‌ನವರು ಪಟ್ಟು ಹಿಡಿದರು: ಇಲ್ಲಿ ಬಂದರು ಮಾಡಿ, ಧಾರವಾಡಕ್ಕೆ ರಸ್ತೆ ಕಡಿಯಿರಿ. ತೊಡಕು ಏನಂದರೆ ಹತ್ತಿ ಬೆಳೆಯೋ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಬಂದರು ಆಗಬೇಕಾದ ಕೆನರಾ ಮದ್ರಾಸ್ ಪ್ರಾಂತ್ಯದಲ್ಲಿ. ಮದ್ರಾಸಿನವರಿಗೆ ಇದು ಎಲ್ಲೋ ಮೂಲೆಯ ತೀರ. ಟಿಕೆಟ್ ಒಂದು ಟೀಮಿನದು, ಕೋಡ್ ಇನ್ನೊಂದು ಟೀಮಿನದು ಆದಾಗ ಏನಾಗುತ್ತೋ ಅದೇ ಆಯ್ತು. ಕೊನೆಗೆ 1862ರಲ್ಲಿ ಉತ್ತರ ಕೆನರಾವನ್ನ ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಕುಂದಾಪುರ ಮಾತ್ರ ಮದ್ರಾಸಿಗೇ ಉಳಿಯಿತು. ಒಂದು ಬಂದರಿನ ಆಸೆಗೆ ಒಂದು ಜಿಲ್ಲೆಯನ್ನೇ ಸೀಳಿದ್ದು.

ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅನ್ನೋದು ಹತ್ತಿ ಒತ್ತುವ ಯಂತ್ರಗಳನ್ನ ಹಡಗಿಗೆ ಹೇರಿ ಕಳಿಸೇಬಿಟ್ಟಿತು. ಯಂತ್ರ ಸದಾಶಿವಗಡಕ್ಕೆ ಬಂದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ, ಇಳಿಸೋಕೆ ಸರಿಯಾದ ದಕ್ಕೆ ಇರಲಿಲ್ಲ. ಕಂಪನಿ ಹೆಚ್ಚು ದಿನ ಬಾಳಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳು ಬಿದ್ದವು. ಅಷ್ಟರೊಳಗೆ 1863ರಲ್ಲಿ ನಮ್ಮ ಬೋರ್ ಘಾಟ್ ರೈಲು ಶುರುವಾಗಿತ್ತು, ಖಂಡಾಲಾ ದಾಟಿ ಪುಣೆಗೆ. ಮುಂಬಯಿಗೆ ಘಟ್ಟ ಹತ್ತುವ ರೈಲು ಸಿಕ್ಕಿತು, ಕಾರವಾರಕ್ಕೆ ಅರ್ಧ ರಸ್ತೆ. ಗಣೇಶಖಿಂಡ್ ಕಟ್ಟಡದ ಮುಂದೆ ಬಸ್ಸು ಸಿಗ್ನಲ್‌ಗೆ ನಿಂತಾಗ ಈಗ ನಾನು ಮೊಬೈಲ್ ನೋಡಲ್ಲ. ಕಾರವಾರದ ಕಾಗದಗಳಲ್ಲಿ ಕೆಲವಾದರೂ ಮಳೆಗಾಲದ ಯಾವುದೋ ಮಧ್ಯಾಹ್ನ ಆ ಕಿಟಕಿಗಳ ಒಳಗೆ ಮೇಜಿನ ಮೇಲೆ ಬಿದ್ದಿರಬೇಕು ಅನ್ನೋದು ನನ್ನ ಊಹೆ.

ಏಪ್ರಿಲ್‌ನಲ್ಲಿ ಎರಡನೇ ಸಲ ಹೋದ್ವಿ. ಸೆಕೆ ಅಂದರೆ ಸೆಕೆ. ಹತ್ತು ಗಂಟೆ ಮೇಲೆ ಮರಳ ಮೇಲೆ ಕಾಲಿಡೋಕೆ ಆಗಲ್ಲ. ಹಾಗಾಗಿ ಬೀಚು ಬಿಟ್ಟು ಕಾಳಿ ನದಿಯ ಗುಂಟ ಒಳಗೆ ಕಡವಾಡದ ಕಡೆ ಹೋದ್ವಿ, ಹಳೆಯ ಕಾರವಾರ ಇದ್ದದ್ದು ನದಿಯ ಆ ದಂಡೆಯಲ್ಲಿ. 1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಕಂಪನಿ ಸೋಂದೆ ಸೀಮೆಯ ಕಾಳುಮೆಣಸಿನ ಹೆಸರು ಕೇಳಿ ಇಲ್ಲಿ ಕೋಠಿ ಹಾಕಿತು. ಮೆಣಸಿಗಿಂತ ನನ್ನನ್ನ ತಟ್ಟಿದ್ದು ಮಸ್ಲಿನ್ ಬಟ್ಟೆ. ಪಶ್ಚಿಮ ಹಿಂದೂಸ್ತಾನದ ಅತಿ ನಯವಾದ ಮಸ್ಲಿನ್ ಇಲ್ಲಿಂದ ಹೋಗ್ತಿತ್ತು, ನೇಯ್ದವರು ಹುಬ್ಬಳ್ಳಿ ಸುತ್ತಿನವರು, ಗೆಜೆಟಿಯರ್ ಪ್ರಕಾರ 50,000 ನೇಕಾರರು. ಅಂದರೆ ಹುಬ್ಬಳ್ಳಿಗೂ ಈ ಕಡಲಿಗೂ ನಂಟು ಹತ್ತಿಯ ಕಾಲದ್ದಲ್ಲ, ಅದಕ್ಕಿಂತ ಇನ್ನೂರು ವರ್ಷ ಹಳೆಯದು. 1665ರಲ್ಲಿ ಶಿವಾಜಿ ಬಂದಾಗ ಕೋಠಿಯವರು ತಮ್ಮ ಪಾಲಿನ ಕಪ್ಪವಾಗಿ 1,120 ರೂಪಾಯಿ ಕೊಟ್ಟರು. ಆಮೇಲೆ 1684ರಲ್ಲಿ ಒಂದು ಸಣ್ಣ ಹಡಗಿನ ಆಳುಗಳು ಯಾರದೋ ಆಕಳು ಕದ್ದು ಕೊಂದು, ಇಡೀ ಕೋಠಿಯೇ ಊರು ಬಿಡೋ ಹಂತಕ್ಕೆ ಬಂತು. ಸೋಂದೆ ಅರಸರು ಸದಾಶಿವಗಡ ಕಟ್ಟಿದ್ದು 1715ರ ಹೊತ್ತಿಗೆ. ಕೋಟೆ ತಲೆಮೇಲೆ ಕೂತ ಮೇಲೆ ಕೋಠಿಯವರಿಗೆ ನೆಲೆ ತಪ್ಪಿತು, 1720ಕ್ಕೆ ಎತ್ತಂಗಡಿ. 1750ರಲ್ಲಿ ಮತ್ತೆ ಬಂದರು, ಎರಡೇ ವರ್ಷಕ್ಕೆ ಪೋರ್ಚುಗೀಸರು ಕೋಟೆ ಹಿಡಿದರು, ಮತ್ತೆ ಹೋದರು. ಈ ಊರಿಗೆ ಕಡಲಿನಿಂದ ಬಂದವರು, ನೋಡಿದವರು, ಹೋದವರು, ಲೆಕ್ಕ ಹಾಗೇ ನಡೆದಿದೆ.

ಜುಲೈ. ಅಪ್ಪ ಕಾಯ್ತಿದ್ದ ಕಾಲ.

ಅಂಬೋಲಿ ಇಳಿದು ಗೋವಾ ದಾಟಿ ಹೋದ್ವಿ. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಕಾರವಾರದಲ್ಲಿ 3,000ದ ಹತ್ತಿರ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್. ವೈಪರ್ ಸಾಲದು ಅಂತ ಎರಡು ಕಡೆ ಕಾರು ನಿಲ್ಲಿಸಿ ಕೂತ್ವಿ. ಬೀಚಿಗೆ ಹೋದರೆ ಜನವರಿಯ ಬೀಚೇ ಇಲ್ಲ. ಮರಳು ಅರ್ಧ ಕಡಲ ಪಾಲು, ನೀರು ಕೆಂಪು ಮಣ್ಣಿನ ಬಣ್ಣ, ಕಾಳಿ ತಂದು ಹಾಕಿದ ಮರದ ದಿಮ್ಮಿ, ತೆಂಗಿನ ಗರಿ, ಪ್ಲಾಸ್ಟಿಕ್. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೈತಖೋಲಿನಲ್ಲಿ ಒಂದಕ್ಕೊಂದು ಕಟ್ಟಿದ ಟ್ರಾಲರುಗಳು ಒಟ್ಟಿಗೆ ಅಲುಗಾಡ್ತಿದ್ವು. ಎಲ್ಲಾ ಋತುಗಳಲ್ಲೂ ಸುರಕ್ಷಿತ ಅಂದ ಗೆಜೆಟಿಯರಿನ ಮಾತು ಸುಳ್ಳಲ್ಲ, ಕೊಲ್ಲಿಯ ಒಳಗೆ ಹೊರಗಿನ ಅಬ್ಬರ ಇರಲಿಲ್ಲ. ಹಡಗಿಗೆ ಸುರಕ್ಷಿತ. ದಡದಲ್ಲಿ ಹತ್ತಿ ಹೇರು ಇಟ್ಟುಕೊಂಡು ಕಾಯೋ ಮನುಷ್ಯನ ಮಾತು ಬೇರೆ.

ಭೂಶಿರದ ಆಚೆ ದಕ್ಷಿಣಕ್ಕೆ ಅಂಜುದೀವಿ ದ್ವೀಪ ಇದೆ. ಈಗ ಅದು ನೌಕಾಪಡೆಯ ಕೈಯಲ್ಲಿ, ನಮಗೆ ಪ್ರವೇಶ ಇಲ್ಲ. ಮದುವೆಯ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ರಾಜನಿಗೆ ಸಿಕ್ಕ ಕಥೆ ಶಾಲೆಯಲ್ಲಿ ಓದಿದ್ದೀವಲ್ಲ? ಅದರ ನಡುವಿನ ಅಧ್ಯಾಯ ಇಲ್ಲಿದೆ. 1662ರಲ್ಲಿ ಅಬ್ರಹಾಂ ಶಿಪ್‌ಮನ್ ಅನ್ನೋನು ಕೆಲವು ನೂರು ಸೈನಿಕರ ಜೊತೆ ಮುಂಬಯಿ ವಶಕ್ಕೆ ತಗೊಳ್ಳೋಕೆ ಬಂದ. ಕಾಗದ ಸರಿಯಿಲ್ಲ ಅಂತ ಪೋರ್ಚುಗೀಸ್ ಅಧಿಕಾರಿಗಳು ಕೊಡಲಿಲ್ಲ. ಸೂರತ್‌ನಲ್ಲಿ ಇಳಿಯೋ ಹಾಗಿಲ್ಲ. ಕೊನೆಗೆ ಅಂಜುದೀವಿಯಲ್ಲಿ ಇಳಿಸಿ ಕಾಯಿರಿ ಅಂದರು. ಎರಡು ಮಳೆಗಾಲ ಕಾದರು. ಮಳೆ, ಜ್ವರ, ಭೇದಿ. ಶಿಪ್‌ಮನ್ 1664ರಲ್ಲಿ ಅಲ್ಲೇ ಸತ್ತ, ಅವನ ಜನರಲ್ಲಿ ಬಹುಪಾಲು ಅಲ್ಲೇ ಮಣ್ಣಾದರು. 1665ರಲ್ಲಿ ಮುಂಬಯಿಗೆ ಕಾಲಿಟ್ಟವರು ಉಳಿದ ಸುಮಾರು ನೂರು ಜನ. ಲಾಡ್ಜಿನ ವರಾಂಡದಲ್ಲಿ ಕೂತು ಅಪ್ಪನಿಗೆ ಇದನ್ನ ಹೇಳಿದೆ. ಅವರು ಮಳೆ ನೋಡ್ತಾ, "ಇಲ್ಲಿ ಒಂದು ಮಳಿಗಾಲಕ್ಕ ನಿಮ್ಮವ್ವನ ಸೀರಿ ಎಲ್ಲಾ ಬೂಸರ ಹಿಡದಿದ್ವು. ಆಕಿ ಅತ್ತಿದ್ದು ನಿನಗ ನೆನಪಿಲ್ಲ" ಅಂದರು. ನನಗೆ ನೆನಪಿರಲಿಲ್ಲ. ಅಮ್ಮನಿಗೂ ಈ ಊರು ಇಷ್ಟ ಅಂತಲೇ ಇಷ್ಟು ವರ್ಷ ನಂಬಿದ್ದೆ.

ಹೋಗುವಾಗ ಗೋವಾ ಕಡೆಯಿಂದ ಬರೋ ವಾಹನಗಳಿಗಿದ್ದ ಕಾಳಿಯ ಹಳೇ ಸೇತುವೆ ಮೇಲೇ ದಾಟಿದ್ದು. 1980ರ ದಶಕದ ಸೇತುವೆ. ಮುಂಚೆ ಇಲ್ಲಿ ದೋಣಿ ದಾಟಬೇಕಿತ್ತು ಅಂತ ಅಪ್ಪನ ಆಫೀಸಿನವರು ಹೇಳ್ತಿದ್ದರಂತೆ. ನಾವು ವಾಪಸ್ ಬಂದ ಮೇಲೆ, ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಆ ಸೇತುವೆ ಕುಸಿದು ನದಿಗೆ ಬಿತ್ತು. ಲಾರಿಯೊಂದು ಅದರ ಜೊತೆ ಹೋಯ್ತು. ಚಾಲಕ ಲಾರಿಯ ಮೇಲೆ ಹತ್ತಿ ನಿಂತಿದ್ದ, ಬದುಕಿದ. ಅದಕ್ಕೆ ಮೂರು ವಾರ ಮುಂಚೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಪಕ್ಕದ ಚಹಾದಂಗಡಿ, ಅದರಲ್ಲಿದ್ದ ಜನ ಎಲ್ಲಾ ಹೋಗಿದ್ದರು. ಏಜೆಂಟರು ಆ ವಾರವೂ ಮೆಸೇಜ್ ಕಳಿಸಿದ್ದರು: ಹೊಸ ಸೇತುವೆ ಬರುತ್ತೆ ಸಾರ್, ರೇಟು ಇನ್ನೂ ಏರುತ್ತೆ.

ಆ ಮಳೆಯಲ್ಲೇ, ವಾಕಡ್‌ನಲ್ಲಿ ಕೂತು ಇಂಪೀರಿಯಲ್ ಗೆಜೆಟಿಯರಿನ ಕಾರವಾರದ ಪುಟ ಮತ್ತೆ ಓದಿದೆ. ಮೊದಲ ಸಲ ಕಣ್ಣಿಗೆ ಬೀಳದೇ ಹೋದ ಒಂದು ವಿಷಯ ಅಲ್ಲಿತ್ತು. 1867ರಿಂದ 1874ರವರೆಗೆ, ಕಾರವಾರಕ್ಕೂ ಹುಬ್ಬಳ್ಳಿಗೂ ರೈಲು ಮಂಜೂರಾಗುತ್ತೆ ಅನ್ನೋ ನಂಬಿಕೆಯಲ್ಲಿ ಊರಿನ ಜಾಗದ ಬೆಲೆ ಏರಿತು. ಉಗ್ರಾಣ, ಮನೆ, ಅಂಗಡಿ ಸಾಲುಸಾಲಾಗಿ ಕಟ್ಟಿದರು. ರೈಲು ಬರಲಿಲ್ಲ. ನನ್ನ ಫೋನಿನಲ್ಲಿದ್ದ ಮೆಸೇಜಿಗೂ ಇದಕ್ಕೂ ವ್ಯತ್ಯಾಸ ನೂರೈವತ್ತು ವರ್ಷ, ಮತ್ತೆ ಒಂದು ವಿಮಾನ ನಿಲ್ದಾಣ.

ಆ ರೈಲು ಎಲ್ಲಿಗೆ ಹೋಯ್ತು ಗೊತ್ತಾ? ನೀವು ಅದರ ಫೋಟೋ ಹಾಕಿದ್ದೀರಿ. ದೂಧ್‌ಸಾಗರ್ ಜಲಪಾತದ ಮುಂದೆ ಹಾದುಹೋಗೋ ರೈಲು, ಅದೇ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆಯ್ತು. ಗೋವಾದ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿಸಿ, 1888ರ ಹೊತ್ತಿಗೆ ಲೋಂಡಾ ದಾರಿಯಾಗಿ ನಮ್ಮ ಕಡೆಯ ರೈಲಿಗೆ ಜೋಡಿಸಿದರು. ಧಾರವಾಡದ ಹತ್ತಿ ಕಾರವಾರದ ದಾರಿ ಮರೆಯಿತು, ಬಂದರಿನ ವ್ಯಾಪಾರ ಇಳಿಯಿತು. ಬಂದರಿಗೋಸ್ಕರ ಸೀಳಿ ತಂದ ಜಿಲ್ಲೆ ಮಾತ್ರ ಮುಂಬಯಿಯಲ್ಲೇ ಉಳಿಯಿತು, 1956ರ ನವೆಂಬರ್ 1ರವರೆಗೆ. ಪುಣೆಯಲ್ಲಿ 'ಬೆಳಗಾಂವ್, ಕಾರವಾರ್, ನಿಪ್ಪಾಣಿ' ಅಂತ ಘೋಷಣೆ ಕೇಳಿದಾಗ ನನಗೆ ಈಗ ಆ ಹತ್ತಿಯ ಅಂಡಿಗೆಗಳೇ ಕಣ್ಣಿಗೆ ಬರ್ತವೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಗೆ ಮಂಜೂರಾಗಿ, ಶಂಕುಸ್ಥಾಪನೆಯೂ ಆಗಿ, ಕಾಡು ಮತ್ತು ಕೋರ್ಟಿನ ನಡುವೆ ನಿಂತಿದೆ. ಕೊಂಕಣ ರೈಲು ಬಂದಿದೆ ನಿಜ, 1998ರಲ್ಲಿ. ಅದರ ಸುರಂಗಕ್ಕೆ ಗುಡ್ಡ ಸಿಡಿಸೋ ಸದ್ದು ನನ್ನ ಎರಡನೇ ಕ್ಲಾಸಿನ ನೆನಪು. ಆದರೆ ಅದು ಕರಾವಳಿಯ ಗುಂಟ ಓಡೋ ರೈಲು, ಘಟ್ಟ ಹತ್ತೋದಲ್ಲ. ಕಾಡು ಕಡಿದು ಆ ರೈಲು ಬರಲಿ ಅಂತ ನಾನು ಹೇಳ್ತಿಲ್ಲ. ಬರಲಿಲ್ಲ ಅನ್ನೋದರಿಂದಲೇ ಆ ಬೀಚು ಹಾಗೆ ಉಳಿದಿದೆ ಅಂತ ಕಾಣುತ್ತೆ.

ಪೂರ್ತಿ ಉಳಿದಿಲ್ಲ. ದಕ್ಷಿಣಕ್ಕೆ ಅರಗಾ ಕಡೆಯ ತೀರಗಳು ಸೀಬರ್ಡ್ ನೌಕಾನೆಲೆಗೆ ಹೋದವು. 1986ರಲ್ಲಿ ಶಿಲಾನ್ಯಾಸ, 2005ರಲ್ಲಿ ಐಎನ್‌ಎಸ್ ಕದಂಬ. ಸಾವಿರಾರು ಕುಟುಂಬಗಳು ಮನೆ, ಹೊಲ, ಬಲೆ ಒಣಗಿಸೋ ಮರಳು ಬಿಟ್ಟು ಎದ್ದವು. ನನ್ನ ಶಾಲೆಯಲ್ಲಿ ಆ ಮನೆಗಳ ಹುಡುಗರು ಇದ್ದರು. ಅವರು ಯಾಕೆ ಪದೇ ಪದೇ ಆ ಮಾತೇ ಆಡ್ತಾರೆ ಅಂತ ಆಗ ಅರ್ಥ ಆಗ್ತಿರಲಿಲ್ಲ. ಮೀನುಗಾರರಿಗೆ ಉಳಿದದ್ದು ಈ ಟ್ಯಾಗೋರ್ ಬೀಚು. ಸಾಗರಮಾಲಾ ಯೋಜನೆಯಲ್ಲಿ ಬಂದರು ವಿಸ್ತರಣೆಗೆ ಇದರ ಮೇಲೂ ಕೈ ಬಿದ್ದಾಗ, 2020ರ ಜನವರಿಯಲ್ಲಿ ಅವರು ಬೀದಿಗಿಳಿದರು, ಊರು ಬಂದ್ ಆಯ್ತು, ಕೆಲಸ ನಿಂತಿತು. ಏಜೆಂಟರ ಮೆಸೇಜಿನಲ್ಲಿ 'ಬಂದರು ದೊಡ್ಡದಾಗ್ತಿದೆ' ಅಂತ ಇದ್ದದ್ದು ಇದೇ ಬಂದರು. ಅಂದರೆ ನನ್ನ ಸೈಟಿನ ಬೆಲೆ ಮೂರು ಪಟ್ಟು ಆಗಬೇಕಾದರೆ, ನಾನು ಯಾವುದನ್ನ ನೋಡೋಕೆ ಸೈಟು ತಗೊಳ್ತೀನೋ ಅದೇ ಹೋಗಬೇಕು.

ನಾಲ್ಕನೇ ಸಲ ನವೆಂಬರ್, ದೀಪಾವಳಿ, ಜೊತೆಗೇ ರಾಜ್ಯೋತ್ಸವ. ಮಳೆ ತೊಳೆದುಕೊಟ್ಟ ಹಾಗೆ ಕಡಲು ನೀಲಿ, ಮರಳು ವಾಪಸ್ ಬಂದಿತ್ತು. ಬೆಳಗ್ಗೆ ಆರೂವರೆಗೆ ಬಲೆ ಎಳೀತಿದ್ದರು. ಇಲ್ಲಿ ಹಿಂದೆ ರಂಪಣಿ ಬಲೆ ಪ್ರಸಿದ್ಧ. ದೋಣಿಯಲ್ಲಿ ಅರ್ಧಚಂದ್ರಾಕಾರಕ್ಕೆ ಬಲೆ ಬಿಟ್ಟು, ಎರಡು ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡದಿಂದ ಎಳೆಯೋದು, ಬಂಗಡೆ, ತಾರ್ಲೆ ರಾಶಿ ಬೀಳೋದು. 1970ರ ದಶಕದ ನಡುವಿನಲ್ಲಿ ಪರ್ಸಿನ್ ದೋಣಿಗಳು ಬಂದು ಮೀನು ದಡಕ್ಕೆ ಬರುವ ಮುಂಚೆಯೇ ಹಿಡಿಯೋಕೆ ಶುರುಮಾಡಿದ ಮೇಲೆ ರಂಪಣಿ ಸೊರಗಿತು. ಈಗ ಕಾಣೋದು ಹೆಚ್ಚಾಗಿ ಚಿಕ್ಕ ಏಂಡಿ ಬಲೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದು ಪಾಲು ಅನ್ನೋ ಪದ್ಧತಿ ಇನ್ನೂ ಇದೆ.

ನಾನು ಏಜೆಂಟರ ಜೊತೆ ಮಾತಾಡ್ತಿದ್ದೆ. ಒಳ್ಳೆ ಮನುಷ್ಯ, ತಾನೂ ಅದೇ ಲೇಔಟಿನಲ್ಲಿ ಸೈಟು ತಗೊಂಡಿದ್ದಾರಂತೆ, ಮೋಸ ಏನಿಲ್ಲ. ಜುಲೈನಲ್ಲಿ ಆ ಜಾಗದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿದೆ. "ಸ್ವಲ್ಪ ಬಂದಿತ್ತು ಸಾರ್, ಮಣ್ಣು ಹಾಕ್ತೀವಲ್ಲ" ಅಂದರು. ರೈಲು ಬಂದ ಮೇಲೆ ಹೇಳ್ತೀನಿ ಅಂದೆ. ಅವರು ನಕ್ಕರು, ನಾನೂ ನಕ್ಕೆ. ಟೋಕನ್ ಕೊಡಲಿಲ್ಲ. ಆ ದುಡ್ಡಿನಲ್ಲಿ ಅಪ್ಪನಿಗೆ ವರ್ಷಕ್ಕೆ ಎರಡು ತಿಂಗಳು ಅಲ್ಲಿ ಬಾಡಿಗೆ ಮನೆ ನೋಡ್ತಿದ್ದೀನಿ, ನವೆಂಬರ್–ಡಿಸೆಂಬರ್.

ತಿರುಗಿ ನೋಡಿದರೆ ಅಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ ಹಗ್ಗ ಹಿಡಿದಿದ್ದರು. ಎಪ್ಪತ್ತೆರಡು ವಯಸ್ಸು, ಬೇಡ ಅಂತ ಕೂಗಿದೆ, ಗಾಳಿಗೆ ಕೇಳಿಸಲಿಲ್ಲ. ಬಲೆ ಬಂತು, ದೊಡ್ಡ ಹಿಡಿತ ಏನಲ್ಲ. ಒಬ್ಬ ಹೆಂಗಸು ಒಂದು ಬೊಗಸೆ ಬಂಗಡೆ ಕ್ಯಾರಿಬ್ಯಾಗಿನಲ್ಲಿ ಹಾಕಿ, "ಅಜ್ಜಾ, ನಿಮ್ಮ ಪಾಲು" ಅಂತ ಅವರ ಕೈಗೆ ಕೊಟ್ಟಳು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮನುಷ್ಯ. ಬೇಡ ಅನ್ನಲಿಲ್ಲ. ಚೀಲವನ್ನ ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡು ಲಾಡ್ಜಿನವರೆಗೂ ನಡೆದು ಬಂದರು, ಅಲ್ಲಿನ ಅಡುಗೆ ಹುಡುಗನಿಗೆ ಕೊಟ್ಟು, ಕೈ ಎರಡು ಸಲ ಸೋಪು ಹಚ್ಚಿ ತೊಳೆದರು.